ಶನಿವಾರ, ಹಿಂದಿನ ಕೋಣೆ

ಪುಂತಾ ಅರೇನಾಸಿನಲ್ಲಿ ಇವತ್ತೂ ಗಾಳಿ.
ಬೀದಿಯ ತಿರುವಿನಲ್ಲಿ ಹಗ್ಗ ಕಟ್ಟಿದ್ದಾರೆ,
ಹಾರಿಹೋಗದಂತೆ ಜನ ಹಿಡಿದು ನಡೆಯಲೆಂದು.
ಆ ಹಗ್ಗ ಹಿಡಿದೇ ಬಂದರು ಮೂವರು ಮಕ್ಕಳು,
ಇನ್ನೊಂದು ಕೈಯಲ್ಲಿ
ಹೊಟ್ಟೆಗೆ ಅವಚಿಕೊಂಡ ಒಂದೊಂದು ಲ್ಯಾಪ್‌ಟಾಪ್.

ನಾನು ಎದೆಲ್ಮಿರಾ. ಬೀಗದಕೈ ನನ್ನದು,
ಹೀಟರಿನ ಗುಂಡಿ ನನ್ನದು, ಮಿಕ್ಕಿದ್ದು ನನಗೆ ಬಾರದು.
ಇಪ್ಪತ್ತಾರು ವರ್ಷದಿಂದ ಪುಸ್ತಕಗಳ ಬೆನ್ನಿಗೆ ಅಂಕಿ ಅಂಟಿಸುತ್ತಿರುವವಳು.
ಮೂರು ಪರದೆಯೂ ಮೊದಲು ಒಂದೇ ಮಾತು ಹೇಳಿದವು:
ಲೈಬ್ರರಿ ಸಿಗಲಿಲ್ಲ.
ಸುತ್ತ ನೋಡಿದೆ. ಹನ್ನೊಂದು ಸಾವಿರ ಪುಸ್ತಕ.

"ಇದಲ್ಲ," ಅಂದಳು ರಯೆನ್, ಪುಣ್ಯಕ್ಕೆ ನಗಲಿಲ್ಲ.
"ದೋಣಿ ಬಿಡಿಸೋದು, ಸದ್ದು ಮಾಡೋದು,
ಯಾವ ಕೀಲಿ ಒತ್ತಿದೆವು ಅಂತ ತಿಳಿಯೋದು,
ಇದನ್ನೆಲ್ಲ ಯಾರೋ ಬರೆದಿಟ್ಟಿದ್ದಾರೆ. ನಾವು ಎರವಲು ತರಬೇಕು."
ಎರವಲು ಅಂದರೆ ಅರ್ಥವಾಯಿತು.
ಕುರ್ಚಿ ಎಳೆದುಕೊಂಡೆ.

ಮಿಲೆಂಕೋನದು ವಿಂಡೋಸ್.
ಫೈಲನ್ನು ಆಟದ ಪಕ್ಕದಲ್ಲೇ ಇಟ್ಟಿದ್ದಾನೆ,
ಕಣ್ಣೆದುರಿಗಿದೆ, ಆದರೂ ಇಲ್ಲವಂತೆ.
ಹೆಸರು ಸರಿ, ಜಾಗ ಸರಿ,
ತಂದದ್ದು ಮಾತ್ರ ಮೂವತ್ತೆರಡು ಬಿಟ್ಟಿನದು,
ಕೇಳುತ್ತಿರುವುದು ಅರವತ್ನಾಲ್ಕರದು.
ನಾನೂ ಮಾಡಿದ್ದೇನೆ ಇಂಥದ್ದು: ಎರಡನೇ ಸಂಪುಟ ಕೇಳಿದವರಿಗೆ
ಅದೇ ಬಣ್ಣದ ರಟ್ಟಿನ ಮೊದಲನೆಯದು ಕೊಟ್ಟು ಕಳಿಸಿ,
ಗಾಳಿಯಲ್ಲಿ ಮರಳಿ ಬಂದವರಿಂದ ಬೈಸಿಕೊಂಡಿದ್ದೇನೆ.

ಅಬ್ನೆರನ ಮ್ಯಾಕ್ ಚಿಕ್ಕಮ್ಮನದು,
ಅವಳಂತೆಯೇ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತದೆ.
ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ತೆರೆಯಲಾರೆ.
ಕಸದ ಬುಟ್ಟಿಗೆ ಹಾಕಲೇ?
ಬೇಡ ಬೇಡ ಎಂದ ಅಬ್ನೆರ್, ಅದಕ್ಕೆ ಕೇಳಿಸುವಂತೆ.
ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರ ತಳದಲ್ಲೆಲ್ಲೋ
ನಾಚಿಕೊಂಡ ಪುಟ್ಟ ಗುಂಡಿ:
ಆದರೂ ತೆರೆ.

ರಯೆನಳದು ಲಿನಕ್ಸ್.
ಪೋರ್ವೆನೀರ್ ದೋಣಿಯ ಟಿಕೇಟು ಕೌಂಟರಿನವರು ಎಸೆದ ಯಂತ್ರ,
ಬೆನ್ನಮೇಲೆ ಇನ್ನೂ ದರಪಟ್ಟಿ ಅಂಟಿಕೊಂಡಿದೆ.
ಒಂದು ಸಾಲು ಬರೆದಳು. ಗುಪ್ತಪದ ಕೇಳಿತು,
ಒತ್ತುತ್ತಿದ್ದರೂ ಪರದೆಯಲ್ಲಿ ಒಂದು ಚುಕ್ಕಿಯೂ ಇಲ್ಲ,
ಕತ್ತಲಲ್ಲಿ ಕಿವಿಯೋಲೆ ತಿರುಪಿದ ಹಾಗೆ.
ಒಬ್ಬರನ್ನು ಕರೆದರೆ ಹದಿನೇಳು ಮಂದಿ ನೆಂಟರು!
ಎಲ್ಲರಿಗೂ ಜಾಗ ಬೇಕು. ಬರಲಿ, ಎಂದು ವೈ ಒತ್ತಿದಳು.
ಒಂಬತ್ತನೆಯವರು ದಾರಿಯಲ್ಲಿರುವಾಗ
ಹೊರಗೆ ತಗಡೊಂದು ಕಿರುಚಿ ಹಾರಿತು,
ಇಂಟರ್ನೆಟ್ ಸತ್ತಿತು.

ಮಿಲೆಂಕೋ ಅಷ್ಟರಲ್ಲಿ ಸರಿಯಾದದ್ದು ಇಳಿಸಿಕೊಂಡಿದ್ದ, ಕೊಡಲು ಹೋದ.
"ನಿನ್ನದು ನನಗೆ ಆಗಲ್ಲ."
ಅಬ್ನೆರ್ ಕೊಡಲು ಹೋದ. ಅದೂ ಆಗಲ್ಲ.
ಹೆಸರು ಒಂದೇ, ಮೂವರ ಅಂಗಿಗೂ ತೋಳು ಬೇರೆ.
ಆಮೇಲೆ ಅಬ್ನೆರನ ಪೆನ್‌ಡ್ರೈವಿನಲ್ಲಿ, ಅವನಿಗೇ ಮರೆತಿದ್ದು, ಸಿಕ್ಕಿತು:
ಮೂಲ. ಇನ್ನೂ ಕತ್ತರಿಸದ ಬಟ್ಟೆ.
"ಇಲ್ಲೇ ಹೊಲೀತೀನಿ," ಅಂದಳು ರಯೆನ್.

ಸಾಲುಗಳು ಓಡತೊಡಗಿದವು.
ಹಳೆಯ ಯಂತ್ರ ಏದುಸಿರು ಬಿಟ್ಟಿತು.
ಶೇಕಡಾ ಹದಿನಾಲ್ಕು. ಮೂವತ್ತೊಂದು.
ಮೂವತ್ತೊಂದು.
ಆರು ಗಂಟೆ. ಬೀಗದಕೈ ಜೇಬಿನಲ್ಲಿ ತಣ್ಣಗಿತ್ತು.
ಯಾರೂ ನನ್ನ ಮುಖ ನೋಡಲಿಲ್ಲ,
ಅದೇ ಒಂದು ಕೇಳುವ ರೀತಿ.
ಎದ್ದು ಹೋಗಿ ಹೀಟರನ್ನು ಇನ್ನೊಂದು ಗೀಟು ಏರಿಸಿದೆ.

ಏಳಕ್ಕೆ ಹತ್ತು ನಿಮಿಷವಿದ್ದಾಗ
ಕಪ್ಪು ಚೌಕವೊಂದು ತೆರೆಯಿತು,
ನಡುವೆ ಬಿಳಿಯ ಸಣ್ಣ ಚೌಕ. ಅದೇ ದೋಣಿಯಂತೆ.
ಮೂರೂ ಪರದೆಯಲ್ಲಿ ಅದೇ, ಅಷ್ಟೇ ದೊಡ್ಡದು,
ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ.
ಇಷ್ಟಕ್ಕೇನಾ ಅನ್ನಬೇಕೆಂದಿದ್ದೆ,
ಆದರೆ ಮೂವರೂ ಉಸಿರು ಹಿಡಿದಿದ್ದರು.
ನನಗೂ ಕೊಟ್ಟರು. ಒತ್ತಿದೆ. ಸಲೀಸಾಗಿ ಜಲಸಂಧಿ ದಾಟಿದೆ.
"ಇಷ್ಟು ಸುಲಭವೇ?"
"ಗಾಳಿ ಇನ್ನೂ ಬರೆದಿಲ್ಲ," ಅಂದಳು ರಯೆನ್.

ದೀಪ ಆರಿಸಿದೆ, ಹಗ್ಗದ ತನಕ ಬಿಟ್ಟುಬಂದೆ.
ದಿನಚರಿಯಲ್ಲಿ ಬಾಗಿಲು ಹಾಕಿದ ವೇಳೆ
ಆರು ಎಂದು ಬರೆದೆ.